ಗಾಲಿಯ ಗುಂಬ ಮತ್ತು ಕಾಳಿನ ಗಡಿಗೆ: ಬಾಸ್ಟನ್ ನಗರದ ಅಡ್ಡಹೆಸರುಗಳು



ವೈದ್ಯನೊಬ್ಬನನ್ನು ವೇದಿಕೆಗೆ ಕರೆದರೆ ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಕುರಿತು ನಾಲ್ಕು ಮಾತು ಹೇಳಿ, ಸಭಿಕರ ಹೋಳಿಗೆಯ ಆಸೆಗೆ ತಣ್ಣೀರೆರಚಿ ಹೋಗುವುದು ವಾಡಿಕೆ. ನಿಮ್ಮ ಸಮಿತಿಯವರು ಕೃಪೆಯಿಟ್ಟು ವಿಷಯದ ಆಯ್ಕೆಯನ್ನು ನಮಗೇ ಬಿಟ್ಟಿದ್ದರಿಂದ ಇಂದು ನಿಮ್ಮ ಹೋಳಿಗೆಗೆ ಅಪಾಯವಿಲ್ಲ. ನಿಮ್ಮ ಊರಾದ ಬಾಸ್ಟನ್ನಿಗೆ ಜನರು ವಿನೋದಕ್ಕಾಗಿ ಇಟ್ಟ ಹೆಸರುಗಳು ಎಲ್ಲಿಂದ ಬಂದುವು, ಅವುಗಳನ್ನು ಯಾರು ಬಳಸುತ್ತಾರೆ, ಯಾರು ಬಳಸುವುದಿಲ್ಲ ಎಂಬ ವಿಚಾರವನ್ನು ನಿಮ್ಮ ಮುಂದಿಡಲು ಬಯಸುತ್ತೇವೆ. ಓಹಾಯೋದಿಂದ ಬಂದವರು ನಮ್ಮ ಊರಿನ ಕಥೆಯನ್ನು ನಮಗೇ ಹೇಳುವುದೆ ಎಂದು ನೀವು ಹುಬ್ಬೇರಿಸಬಹುದು. ಆದರೆ 1996ರ ಜೂನ್ ತಿಂಗಳಲ್ಲಿ ಮೈಸೂರಿನ ಎಂ.ಬಿ.ಬಿ.ಎಸ್. ಪದವಿಪತ್ರವನ್ನೂ ಎರಡು ಸೂಟ್‌ಕೇಸುಗಳನ್ನೂ ಹಿಡಿದು ನಾವು ಮೊದಲು ಇಳಿದದ್ದು ಇಲ್ಲಿಯೇ. ಮೂರು ವರ್ಷ ಇಲ್ಲಿ ರೆಸಿಡೆನ್ಸಿ ಮಾಡಿದೆವು. ಆ ಋಣದ ಬಲದಿಂದ ಈ ಧೈರ್ಯ.

ಈ ಕುತೂಹಲವನ್ನು ನಮ್ಮಲ್ಲಿ ಹುಟ್ಟಿಸಿದವರು ಒಬ್ಬ ರೋಗಿ. 1997ರ ಚಳಿಗಾಲದಲ್ಲಿ ನಮ್ಮ ವಾರ್ಡಿನಲ್ಲಿ ಎದೆಬೇನೆಯಿಂದ ದಾಖಲಾಗಿದ್ದ, ಎಂಬತ್ತನಾಲ್ಕರ ಇಳಿವಯಸ್ಸಿನ ಇಟಾಲಿಯನ್ ಮೂಲದ ವೃದ್ಧರು. ಜೀವಮಾನವೆಲ್ಲ ಪತ್ರಿಕೆಯ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿದವರು. ನಾವು ಹೊಸತಾಗಿ ಕಲಿತ ಪದವನ್ನು ಪ್ರದರ್ಶಿಸುವ ಉತ್ಸಾಹದಲ್ಲಿ, 'ಬೀನ್‌ಟೌನ್'ನಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಿದೆವು. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಡಾಕ್ಟರೇ, ಈ ಊರಿನವರು ಯಾರೂ ಹಾಗೆ ಹೇಳುವುದಿಲ್ಲ. ಅದು ಪ್ರವಾಸಿಗಳ ಅಂಗಿಯ ಮೇಲೆ ಬರೆದಿರುವ ಮಾತು. ನಮ್ಮ ಪತ್ರಿಕೆಯಲ್ಲಿ ಈ ಊರಿನ ಹೆಸರು ಹಬ್," ಎಂದರು. ಕಾರಣವನ್ನೂ ಹೇಳಿದರು: ಬಾಸ್ಟನ್ ಎಂದು ಜೋಡಿಸಲು ಇಂಗ್ಲಿಷಿನಲ್ಲಿ ಆರು ಅಕ್ಷರ ಬೇಕು, ಹಬ್ ಎಂದರೆ ಮೂರೇ ಸಾಕು. ಒಂದೇ ಅಂಕಣದ ತಲೆಬರಹದಲ್ಲಿ ಮೂರು ಅಕ್ಷರದ ಉಳಿತಾಯ ಸಾಮಾನ್ಯದ್ದಲ್ಲ. ಪ್ರಪಂಚವೇ ಮುಳುಗಿಹೋದರೂ ಇಲ್ಲಿಯ ಪತ್ರಿಕೆಗಳು 'ಹಬ್ ನಿವಾಸಿಯ ನಿಧನ' ಎಂದೇ ಅಚ್ಚು ಹಾಕುತ್ತವೆ ಎಂಬ ಹಳೆಯ ಹಾಸ್ಯವನ್ನು ನಾವು ಮೊದಲು ಕೇಳಿದ್ದು ಅವರಿಂದಲೇ.

ಹಬ್ ಎಂದರೆ ಗಾಲಿಯ ಗುಂಬ, ಸಂಸ್ಕೃತದಲ್ಲಿ ನಾಭಿ. ಅರಗಳೆಲ್ಲ ಬಂದು ಸೇರುವ ನಡುದಿಮ್ಮಿ. ವೈದ್ಯರಿಗೆ ನಾಭಿ ಎಂದೊಡನೆ ಬೇರೊಂದು ಅಂಗ ನೆನಪಾಗುವುದು ಸಹಜ, ಮತ್ತು ತನ್ನ ಹೊಕ್ಕುಳನ್ನೇ ತಾನು ನೋಡಿಕೊಂಡು ಕುಳಿತ ಊರು ಎಂದು ನ್ಯೂಯಾರ್ಕಿನವರು ಬಾಸ್ಟನ್ನನ್ನು ಹಂಗಿಸುವುದರಲ್ಲಿ ಹುರುಳಿಲ್ಲದಿಲ್ಲ. ಈ ಹೆಸರಿಗೆ ಮೂಲಪುರುಷರಾದವರೂ ವೈದ್ಯರೇ ಎಂಬುದು ನಮ್ಮ ಹೆಮ್ಮೆ. ಅವರು ಡಾಕ್ಟರ್ ಆಲಿವರ್ ವೆಂಡೆಲ್ ಹೋಮ್ಸ್, 1809ರಿಂದ 1894ರವರೆಗೆ ಬಾಳಿದವರು. ಮುಂದೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿ ಖ್ಯಾತರಾದವರು ಇದೇ ಹೆಸರಿನ ಅವರ ಮಗ. ಇಬ್ಬರನ್ನೂ ಒಬ್ಬರೆಂದು ಭಾವಿಸುವ ಗೊಂದಲ ವಿದ್ಯಾವಂತರಲ್ಲಿಯೂ ಉಂಟು.

ತಂದೆ ಹೋಮ್ಸರು ಪ್ಯಾರಿಸಿನಲ್ಲಿ ವೈದ್ಯ ಕಲಿತು, 1836ರಲ್ಲಿ ಹಾರ್ವರ್ಡಿನಿಂದ ಎಂ.ಡಿ. ಪಡೆದು, 1847ರಿಂದ 1882ರವರೆಗೆ ಅಲ್ಲಿಯೇ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಬಾಣಂತಿಯರ ಸನ್ನಿಯು ವೈದ್ಯರ ಮತ್ತು ಸೂಲಗಿತ್ತಿಯರ ಕೈಗಳಿಂದಲೇ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ ಎಂದು ಅವರು 1843ರಲ್ಲಿಯೇ ಪ್ರಬಂಧ ಬರೆದರು. ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಕೈತೊಳೆಯುವ ನಿಯಮ ತಂದದ್ದು 1847ರಲ್ಲಿ. ಎಂದರೆ ಅದಕ್ಕೆ ನಾಲ್ಕು ವರ್ಷ ಮೊದಲು. ಫಿಲಡೆಲ್ಫಿಯಾದ ಹೆರಿಗೆ ತಜ್ಞರು ಸಿಟ್ಟಿಗೆದ್ದರು. ಹೋಮ್ಸರು ಮಣಿಯಲಿಲ್ಲ, 1855ರಲ್ಲಿ ಅದೇ ಪ್ರಬಂಧವನ್ನು ಮತ್ತೆ ಅಚ್ಚು ಹಾಕಿಸಿದರು. 1846ರ ಅಕ್ಟೋಬರ್ 16ರಂದು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಈಥರ್ ಮೂಸಿಸಿ ಶಸ್ತ್ರಚಿಕಿತ್ಸೆ ನಡೆದ ಸಂಗತಿ ನಿಮಗೆ ತಿಳಿದದ್ದೇ. ಆ ಸ್ಥಿತಿಗೆ ಹೆಸರು ಬೇಕಾದಾಗ, ಈಥರ್ ಪ್ರಯೋಗ ಮಾಡಿದ ದಂತವೈದ್ಯ ಮಾರ್ಟನ್ನರಿಗೆ ಮರುತಿಂಗಳೇ ಪತ್ರ ಬರೆದು 'ಅನಸ್ಥೀಸಿಯಾ' ಎಂಬ ಪದವನ್ನು ಸೂಚಿಸಿದವರು ಇದೇ ಹೋಮ್ಸರು. ನಾವಿಂದು ಕನ್ನಡದಲ್ಲಿ ಅರಿವಳಿಕೆ ಎನ್ನುತ್ತೇವೆ. ಅದೂ ಸೊಗಸಾದ ಪದವೇ. ಹೆಸರಿಡುವುದರಲ್ಲಿ ಈ ಮಹನೀಯರ ಕೈಗುಣ ಅಂಥದು.

1857ರ ನವೆಂಬರಿನಲ್ಲಿ ಈ ಊರಿನಲ್ಲಿ 'ಅಟ್ಲಾಂಟಿಕ್ ಮಂತ್ಲಿ' ಎಂಬ ಮಾಸಪತ್ರಿಕೆ ಆರಂಭವಾಯಿತು. ಆ ಹೆಸರೂ ಹೋಮ್ಸರದೇ ಸೂಚನೆ. ಆ ಮೊದಲ ಸಂಚಿಕೆಯಲ್ಲಿ ಎಮರ್ಸನ್ನರು 'ಬ್ರಹ್ಮ' ಎಂಬ ಕವಿತೆಯನ್ನು ಪ್ರಕಟಿಸಿದರು. ಉಪನಿಷತ್ತಿನ ವಿಚಾರವನ್ನು ಅರಗಿಸಿಕೊಳ್ಳಲಾರದ ಓದುಗರು ಅದಕ್ಕೆ ಅಣಕು ಪದ್ಯಗಳನ್ನು ಕಟ್ಟಿ ನಕ್ಕರು. ಅದೇ ಸಂಚಿಕೆಯಿಂದ ಹೋಮ್ಸರು ಒಂದು ಲೇಖನಮಾಲೆಯನ್ನು ತೊಡಗಿದರು. ವಸತಿಗೃಹವೊಂದರ ಬೆಳಗಿನ ತಿಂಡಿಯ ಮೇಜು, ಅಲ್ಲಿ ಒಬ್ಬ ಮಾತುಗಾರ, ಅವನ ಸುತ್ತ ಹಲವರು ನಿವಾಸಿಗಳು, ಹರಟೆ. ನಮ್ಮಲ್ಲಿ ಹರಟೆಯ ಪ್ರಬಂಧಗಳನ್ನು ಓದಿ ಬೆಳೆದವರಿಗೆ ಈ ಧಾಟಿ ಅಪರಿಚಿತವೆನಿಸದು. 1858ರ ಒಂದು ಕಂತಿನಲ್ಲಿ ಹೊರಗಿನಿಂದ ಬಂದ ವ್ಯಕ್ತಿಯೊಬ್ಬ ತಾನು ಕೇಳಿದ ಮಾತೊಂದನ್ನು ಹೇಳುತ್ತಾನೆ: ಬಾಸ್ಟನ್ನಿನ ಸ್ಟೇಟ್ ಹೌಸ್ ಕಟ್ಟಡವೇ ಸೌರಮಂಡಲದ ಗುಂಬವಂತೆ, ಎಂಥ ಹಾರೆ ಹಾಕಿ ಮೀಟಿದರೂ ಈ ನಂಬಿಕೆಯನ್ನು ಬಾಸ್ಟನ್ನಿಗನ ತಲೆಯಿಂದ ಕೀಳಲಾಗದಂತೆ.

ಇಲ್ಲಿ ಗಮನಿಸಬೇಕಾದದ್ದು ಮುಂದಿನ ಭಾಗ. ಮಾತುಗಾರನು ಈ ಚುಚ್ಚುನುಡಿಗೆ ಕೋಪಿಸಿಕೊಳ್ಳದೆ ಅದನ್ನು ಒಪ್ಪಿಕೊಂಡು, ಇದು ಬಾಸ್ಟನ್ನಿಗೆ ಮಾತ್ರವಲ್ಲ, ಎಲ್ಲ ಊರುಗಳಿಗೂ ಸಲ್ಲುವ ಮಾತು ಎಂದು ವಾದಿಸುತ್ತಾನೆ. ಭೂಮಿಯ ಅಚ್ಚು ತಮ್ಮೂರಿನ ನಡುವಿನಿಂದಲೇ ಹಾದುಹೋಗಿದೆ ಎಂದು ಪ್ರತಿಯೊಂದು ಸಣ್ಣ ಪಟ್ಟಣದವರೂ ತಿಳಿದಿರುತ್ತಾರೆ ಎನ್ನುತ್ತಾನೆ. ಹೋಮ್ಸರು ನಕ್ಕದ್ದು ಮನುಷ್ಯಮಾತ್ರರ ಊರಭಿಮಾನವನ್ನು ಕಂಡು. ಆದರೆ ಬಾಸ್ಟನ್ನಿನ ಮಹಾಜನರು ಆ ಹಾಸ್ಯದ ಉತ್ತರಾರ್ಧವನ್ನು ಮರೆತು ಪೂರ್ವಾರ್ಧವನ್ನು ಬಿರುದಾಗಿ ಧರಿಸಿಕೊಂಡರು! ಕಟ್ಟಡಕ್ಕೆ ಹೇಳಿದ್ದು ಇಡೀ ಊರಿಗೆ ಅನ್ವಯಿಸಿತು. ಸೌರಮಂಡಲ ಸಾಲದೆ ಬ್ರಹ್ಮಾಂಡದ ಗುಂಬವಾಯಿತು. ಮೈಸೂರು, ಧಾರವಾಡ, ಮಂಗಳೂರುಗಳಿಂದ ಬಂದ ನಾವು ಇದನ್ನು ಕಂಡು ನಗುವ ಮೊದಲು, ಕೂಟದ ಊಟದ ಸಾಲಿನಲ್ಲಿ ನಿಜವಾದ ಸಾರು ಯಾವ ಊರಿನದು ಎಂದು ನಾವೇ ನಡೆಸುವ ಚರ್ಚೆಯನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಮುದ್ರಕರು ಹೇಳಿದ ಉಳಿತಾಯದ ಕಾರಣದಿಂದಲೇ ಇರಬೇಕು, ಹಬ್ ಎಂಬುದು ಪತ್ರಿಕೆಗಳಲ್ಲಿ ಗಟ್ಟಿಯಾಗಿ ಉಳಿಯಿತು. 1960ರಲ್ಲಿ ಬೇಸ್‌ಬಾಲ್ ಆಟಗಾರ ಟೆಡ್ ವಿಲಿಯಮ್ಸನ ಕೊನೆಯ ಪಂದ್ಯವನ್ನು ಕುರಿತು ಜಾನ್ ಅಪ್‌ಡೈಕ್ ಬರೆದ ಪ್ರಸಿದ್ಧ ಪ್ರಬಂಧದ ಶೀರ್ಷಿಕೆ ಆರಂಭವಾಗುವುದೇ ಈ ಪದದಿಂದ. ಅದು ಪತ್ರಿಕೆಗಳ ತಲೆಬರಹದ ಅಣಕು. 2011ರಲ್ಲಿ ನಗರದಲ್ಲಿ ಬಾಡಿಗೆ ಸೈಕಲ್ಲುಗಳ ಯೋಜನೆ ಬಂದಾಗ ಅದಕ್ಕೆ ಹಬ್‌ವೇ ಎಂದು ಹೆಸರಿಟ್ಟರು. 2018ರಲ್ಲಿ ಅದು ಬ್ಲೂಬೈಕ್ಸ್ ಆಯಿತು. ಆಡುಮಾತಿನಲ್ಲಿ ಮಾತ್ರ ನಾವು ಮೂರು ವರ್ಷಗಳಲ್ಲಿ ಯಾರ ಬಾಯಲ್ಲಿಯೂ ಹಬ್ ಎಂಬುದನ್ನು ಕೇಳಲಿಲ್ಲ, ಆ ವೃದ್ಧರನ್ನು ಬಿಟ್ಟು.

ಹೋಮ್ಸರು ಕೊಟ್ಟ ಇನ್ನೊಂದು ಹೆಸರು ನಮಗೆ ಇನ್ನೂ ಹತ್ತಿರದ್ದು. 1860ರಲ್ಲಿ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯಲ್ಲಿ ಅವರು ಈ ಸೀಮೆಯ ಹಳೆಯ ವಿದ್ವತ್ ಮನೆತನಗಳನ್ನು 'ನ್ಯೂ ಇಂಗ್ಲೆಂಡಿನ ಬ್ರಾಹ್ಮಣ ಜಾತಿ' ಎಂದು ಕರೆದರು. ಅವರ ಮನಸ್ಸಿನಲ್ಲಿದ್ದದ್ದು ತಲೆಮಾರುಗಳಿಂದ ಪುಸ್ತಕ ಹಿಡಿದುಕೊಂಡೇ ಬಂದ, ಹಣವಿರಲೇಬೇಕೆಂದಿಲ್ಲದ ಕುಟುಂಬಗಳು. ಕಾಲಕ್ರಮದಲ್ಲಿ ಅರ್ಥ ಬದಲಾಯಿತು. ಹಡಗು, ಚೀನಾದ ಅಫೀಮು, ಬಟ್ಟೆಯ ಗಿರಣಿಗಳಿಂದ ಸಿರಿವಂತರಾದ ಮನೆತನಗಳೇ 'ಬಾಸ್ಟನ್ ಬ್ರಾಮಿನ್'ರೆನಿಸಿದವು. 1833ರಲ್ಲಿ ಈ ಬಂದರಿನಿಂದ ಹೊರಟ ಹಡಗೊಂದು ಮಂಜುಗಡ್ಡೆಯನ್ನು ಕಲ್ಕತ್ತೆಗೆ ಒಯ್ದಿತ್ತು. ಭಾರತದ ಪದಗಳು ಮರಳಿ ಬಂದುದರಲ್ಲಿ ಆಶ್ಚರ್ಯವೇನಿದೆ? ನಾವು ರೆಸಿಡೆಂಟರಾಗಿದ್ದಾಗ ಹಿರಿಯ ನರ್ಸೊಬ್ಬರು ಒಬ್ಬ ರೋಗಿಯನ್ನು ತೋರಿಸಿ "ಅವರು ನಿಜವಾದ ಬ್ರಾಮಿನ್" ಎಂದು ಪಿಸುಗುಟ್ಟಿದರು. ನಾವು ಆ ರೋಗಿಗೆ ಸಸ್ಯಾಹಾರ ಬರೆಸಿದೆವು. ಮರುದಿನ ಅವರು ನಮ್ಮನ್ನು ನೋಡಿದ ನೋಟ ಇನ್ನೂ ನೆನಪಿದೆ.

ಇಷ್ಟು ನಗೆಯಾಯಿತು. ಹತ್ತು ವರ್ಷ ಹಿಂದೆ ಹೋಗೋಣ. 1850ರ ನವೆಂಬರಿನಲ್ಲಿ ಹೋಮ್ಸರು ಹಾರ್ವರ್ಡ್ ವೈದ್ಯಕೀಯ ಶಾಲೆಯ ಡೀನ್ ಆಗಿದ್ದಾಗ ಮಾರ್ಟಿನ್ ಡಿಲೇನಿ, ಡೇನಿಯಲ್ ಲೇಂಗ್, ಐಸಾಕ್ ಸ್ನೋಡನ್ ಎಂಬ ಮೂವರು ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶ ಕೊಟ್ಟರು. ಅದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಬಿಳಿಯ ವಿದ್ಯಾರ್ಥಿಗಳಲ್ಲಿ ಅನೇಕರು, ಇವರೊಡನೆ ಕುಳಿತರೆ ತಮ್ಮ ಪದವಿಯ ಬೆಲೆ ಕುಸಿಯುತ್ತದೆಂದು ಮನವಿ ಬರೆದರು. ಅದನ್ನು ವಿರೋಧಿಸಿ ಸಹಿ ಹಾಕಿದ ಬಿಳಿಯ ವಿದ್ಯಾರ್ಥಿಗಳೂ ಇದ್ದರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಕೊನೆಗೆ ಅಧ್ಯಾಪಕ ಮಂಡಲಿ ಬಾಗಿತು: ಆ ಚಳಿಗಾಲದ ಪಾಠಗಳನ್ನು ಮುಗಿಸಬಹುದು, ಮತ್ತೆ ಬರುವಂತಿಲ್ಲ. ಡಿಲೇನಿ ಮುಂದೆ 1865ರಲ್ಲಿ ಉತ್ತರದವರ ಸೈನ್ಯದಲ್ಲಿ ಮೇಜರ್ ಹುದ್ದೆಗೇರಿದರು. ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ಮೊದಲ ಕಪ್ಪು ಪದವೀಧರರು ಹೊರಬರಲು 1869 ಆಗಬೇಕಾಯಿತು. ಬಾಣಂತಿಯರ ಪ್ರಾಣಕ್ಕಾಗಿ ಇಡೀ ವೃತ್ತಿಯನ್ನೇ ಎದುರು ಹಾಕಿಕೊಂಡ ಮನುಷ್ಯ ತನ್ನ ಶಾಲೆಯ ಬಾಗಿಲಲ್ಲಿ ಹಿಂದೆ ಸರಿದುದನ್ನು ಓದಿದಾಗ ನಮಗೆ ಬಹಳ ದಿನ ಸಮಾಧಾನವಿರಲಿಲ್ಲ. ಹತ್ತು ವರ್ಷದ ಅನಂತರ ಅದೇ ಲೇಖನಿಯಿಂದ 'ಜಾತಿ' ಎಂಬ ಪದ ಲಘುವಾಗಿ, ಮೆಚ್ಚುಗೆಯ ಪದವಾಗಿ ಬಂದಿತೆಂಬುದನ್ನು ನಾವು ಈ ಹಿನ್ನೆಲೆಯಿಲ್ಲದೆ ಓದಲಾರೆವು.

ಇನ್ನು ಕಾಳಿನ ವಿಚಾರ. 1630ರಲ್ಲಿ ಈ ಊರನ್ನು ನೆಲೆಗೊಳಿಸಿದ ಪ್ಯೂರಿಟನ್ನರಿಗೆ ಸಬ್ಬತ್ ದಿನ ಶನಿವಾರ ಸೂರ್ಯಾಸ್ತಕ್ಕೇ ಆರಂಭವಾಗುತ್ತಿತ್ತು. ಆಮೇಲೆ ಅಡುಗೆಯೂ ಕೆಲಸವೇ. ಆದ್ದರಿಂದ ಶನಿವಾರವೇ ನೆನೆದ ಬಿಳಿ ಬೀನ್ಸ್ ಕಾಳನ್ನು ಹೊಟ್ಟೆ ದಪ್ಪ, ಬಾಯಿ ಕಿರಿದಾದ ಮಣ್ಣಿನ ಗಡಿಗೆಗೆ ತುಂಬಿ, ಉಪ್ಪು ಹಂದಿಮಾಂಸದ ತುಂಡು ಹಾಕಿ, ಒಲೆಯ ಗೂಡಿನಲ್ಲಿಟ್ಟು ಮುಚ್ಚುತ್ತಿದ್ದರು. ಆರುವ ಬೆಂಕಿಯ ಶಾಖದಲ್ಲಿಯೇ ರಾತ್ರಿಯೆಲ್ಲ ಬೇಯುತ್ತಿತ್ತು. ಮನೆಯಲ್ಲಿ ಗೂಡಿಲ್ಲದವರ ಗಡಿಗೆಗಳನ್ನು ರೊಟ್ಟಿಯಂಗಡಿಯವನು ಒಯ್ದು ಬೇಯಿಸಿ ತಂದುಕೊಡುತ್ತಿದ್ದನು. ಏಕಾದಶಿಯ ಮುನ್ನಾದಿನದ ನಮ್ಮ ಅಜ್ಜಿಯಂದಿರ ಅಡುಗೆಮನೆಯ ಲೆಕ್ಕಾಚಾರವೂ ಸ್ವಲ್ಪ ಇಂಥದೇ. ಈ ತಿನಿಸಿಗೆ ಸಿಹಿಯನ್ನೂ ಕಪ್ಪುಗೆಂಪು ಬಣ್ಣವನ್ನೂ ಕೊಟ್ಟದ್ದು ಕಾಕಂಬಿ, ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ.

ಕಾಕಂಬಿ ಬಾಸ್ಟನ್ನಿನಲ್ಲಿ ಬೆಳೆಯುವುದಿಲ್ಲ, ಇಲ್ಲಿ ಕಬ್ಬಿಲ್ಲ. ಅದು ಬರುತ್ತಿದ್ದುದು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಂದ, ಅಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಆ ಕಾಕಂಬಿಯನ್ನು ಈ ಸೀಮೆಯಲ್ಲಿ ಭಟ್ಟಿಯಿಳಿಸಿ ರಮ್ ಮಾಡಿದರು; ರಮ್ ಆಫ್ರಿಕಾದ ಕರಾವಳಿಗೆ ಹೋಗಿ ಮನುಷ್ಯರ ಬೆಲೆಯಾಯಿತು; ಆ ಮನುಷ್ಯರು ದ್ವೀಪಗಳಿಗೆ ಹೋದರು; ಹಡಗು ಕಾಕಂಬಿ ಹೊತ್ತು ಮನೆಗೆ ಬಂದಿತು. ಇಲ್ಲಿಯ ಕಾಡ್ ಮೀನಿನಲ್ಲಿ ಒಳ್ಳೆಯದು ಯೂರೋಪಿಗೆ, ಕೆಟ್ಟದ್ದು ಉಪ್ಪು ಸವರಿಸಿಕೊಂಡು ಗುಲಾಮರ ಊಟಕ್ಕೆ. ಸ್ಟೇಟ್ ಹೌಸಿನ ಸಭಾಂಗಣದಲ್ಲಿ ಇಂದಿಗೂ ಮರದ ಕಾಡ್ ಮೀನೊಂದು ತೂಗುತ್ತಿದೆ, ನೀವೆಲ್ಲ ನೋಡಿರುತ್ತೀರಿ. ಬ್ರಿಟಿಷ್ ಸರಕಾರ 1733ರಲ್ಲಿ ಹಾಗೂ 1764ರಲ್ಲಿ ಕಾಕಂಬಿಯ ಮೇಲೆ ಸುಂಕದ ಕಾನೂನು ತಂದಿತು. ಅಮೆರಿಕದ ಸ್ವಾತಂತ್ರ್ಯದಲ್ಲಿ ಕಾಕಂಬಿಗೂ ಮುಖ್ಯ ಪಾಲಿದೆ, ಹೇಳಿಕೊಳ್ಳಲು ನಾಚಿಕೆ ಏಕೆ ಎಂಬರ್ಥದ ಮಾತನ್ನು ಜಾನ್ ಆಡಮ್ಸರು ಇಳಿವಯಸ್ಸಿನಲ್ಲಿ ಬರೆದಿದ್ದಾರೆ. ನಾಚಿಕೆ ಪಡಬೇಕಾದದ್ದು ಸುಂಕ ತಪ್ಪಿಸಿದ್ದಕ್ಕಲ್ಲ.

ಕಾಳಿನ ಊರು ಎಂಬ ಗೇಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಚೆನ್ನಾಗಿ ಹರಡಿತು. 1883ರಿಂದ 1906ರವರೆಗೆ ಇಲ್ಲಿಯ ಬೇಸ್‌ಬಾಲ್ ತಂಡವೊಂದನ್ನು 'ಬೀನ್‌ಈಟರ್ಸ್' ಎಂದೇ ಕರೆಯುತ್ತಿದ್ದರು; ಇಂದಿನ ಅಟ್ಲಾಂಟಾ ಬ್ರೇವ್ಸ್ ಆ ತಂಡದ ವಂಶದ್ದೇ. 1907ರಲ್ಲಿ ಊರು ಬಿಟ್ಟುಹೋದವರನ್ನು ಮರಳಿ ಕರೆಯುವ 'ಓಲ್ಡ್ ಹೋಂ ವೀಕ್' ಉತ್ಸವದಲ್ಲಿ ಕಾಳಿನ ಗಡಿಗೆಯೇ ಲಾಂಛನವಾಯಿತು. 1910ರಲ್ಲಿ ಕಾಲೇಜೊಂದರ ಹಳೆಯ ವಿದ್ಯಾರ್ಥಿಗಳ ಔತಣದಲ್ಲಿ ಜಾನ್ ಕಾಲಿನ್ಸ್ ಬಾಸಿಡಿ ಎಂಬವರು ನಾಲ್ಕು ಸಾಲಿನ ಒಂದು ಚುಟುಕ ಹೇಳಿದರು. ಕಾಳು, ಕಾಡ್ ಮೀನು ಎರಡನ್ನೂ ಸೇರಿಸಿ, ಇಲ್ಲಿಯ ಎರಡು ದೊಡ್ಡ ಮನೆತನಗಳಲ್ಲಿ ಒಂದು ಇನ್ನೊಂದರೊಡನೆ ಮಾತ್ರ, ಆ ಇನ್ನೊಂದು ನೇರವಾಗಿ ಭಗವಂತನೊಡನೆ ಮಾತ್ರ ಮಾತಾಡುವುದಾಗಿ ಕುಟುಕಿದ ಪದ್ಯವದು. ಬಾಸಿಡಿಯವರು ಕಣ್ಣಿನ ಡಾಕ್ಟರು! ಈ ಊರಿನ ದೃಷ್ಟಿದೋಷವನ್ನು ಪತ್ತೆಹಚ್ಚಲು ತಕ್ಕವರೇ. 1952ರಿಂದ ನಾಲ್ಕು ವಿಶ್ವವಿದ್ಯಾಲಯಗಳ ನಡುವೆ ನಡೆಯುತ್ತಿರುವ ಐಸ್ ಹಾಕಿ ಪಂದ್ಯಾವಳಿಗೂ 'ಬೀನ್‌ಪಾಟ್' ಎಂದೇ ಹೆಸರು. ನಿಮ್ಮ ಮಕ್ಕಳು ಆ ಟಿಕೆಟ್ಟಿಗಾಗಿ ನಿಮ್ಮನ್ನು ಪೀಡಿಸಿದ್ದುಂಟು.

ಮತ್ತೆ ಆ ವೃದ್ಧ ಮುದ್ರಕರ ವಿಚಾರಕ್ಕೆ ಬರುತ್ತೇವೆ. ಬೀನ್‌ಟೌನ್ ಎಂಬ ಪದಕ್ಕೆ ಅವರು ಮುಖ ಸಿಂಡರಿಸಿದ್ದಕ್ಕೆ ಬೇರೆಯ ಕಾರಣವೂ ಇದ್ದಿತು. ರಾತ್ರಿಯ ಪಾಳಿಯಲ್ಲಿ, ನಿದ್ದೆ ಬಾರದೆ ಕುಳಿತಿದ್ದಾಗ, ಹೇಳಿದರು. ಅವರು ಹುಟ್ಟಿದ್ದು ನಾರ್ತ್ ಎಂಡಿನಲ್ಲಿ. 1919ರ ಜನವರಿ 15ರಂದು ಅವರಿಗೆ ಆರು ವರ್ಷ. ಕಮರ್ಷಿಯಲ್ ಬೀದಿಯ ಬಳಿ ಐವತ್ತು ಅಡಿ ಎತ್ತರದ ಉಕ್ಕಿನ ತೊಟ್ಟಿಯಲ್ಲಿ ಸುಮಾರು 23 ಲಕ್ಷ ಗ್ಯಾಲನ್ ಕಾಕಂಬಿ ತುಂಬಿತ್ತು. ತಿನ್ನುವುದಕ್ಕಲ್ಲ, ಕೈಗಾರಿಕೆಯ ಮದ್ಯಸಾರ ತೆಗೆಯುವುದಕ್ಕೆ. ತೊಟ್ಟಿ ಮೊದಲಿನಿಂದಲೂ ಸೋರುತ್ತಿತ್ತು. ಕಂಪೆನಿಯವರು ಸೋರುವುದು ಕಾಣದಂತೆ ಅದಕ್ಕೆ ಕಂದು ಬಣ್ಣ ಬಳಿಸಿದ್ದರು. ಕೇರಿಯ ಬಡ ಇಟಾಲಿಯನ್ ಮಕ್ಕಳು ತಗಡಿನ ಡಬ್ಬಿ ಹಿಡಿದು ಸೋರಿದ್ದನ್ನು ತುಂಬಿಕೊಂಡು ಮನೆಗೊಯ್ಯುತ್ತಿದ್ದರು. ಇವರೂ ಒಯ್ದಿದ್ದರು. ಆ ದಿನ ಮಧ್ಯಾಹ್ನ ತೊಟ್ಟಿ ಒಡೆಯಿತು. ಸುಮಾರು ಇಪ್ಪತ್ತೈದು ಅಡಿ ಎತ್ತರದ ಅಲೆ ಬೀದಿಗೆ ನುಗ್ಗಿ ಮನೆಗಳನ್ನು ಅಡಿಪಾಯದಿಂದ ಕಿತ್ತಿತು. 21 ಜನ ಸತ್ತರು, ಸುಮಾರು 150 ಜನ ಗಾಯಗೊಂಡರು, ಕುದುರೆಗಳನ್ನು ಲೆಕ್ಕವಿಟ್ಟವರಿಲ್ಲ. ಅರಾಜಕವಾದಿಗಳು ಬಾಂಬ್ ಇಟ್ಟರೆಂದು ಕಂಪೆನಿ ವಾದಿಸಿತು; ಆ ಕಾಲದಲ್ಲಿ ಇಟಾಲಿಯನ್ನರ ಮೇಲೆ ಹಾಗೆ ಹೇಳುವುದು ಸುಲಭವಿತ್ತು. 1925ರಲ್ಲಿ ತೀರ್ಪು ಕಂಪೆನಿಯ ವಿರುದ್ಧವಾಯಿತು.

"ನನ್ನ ತಾಯಿ ಅಂದಿನಿಂದ ಮನೆಗೆ ಕಾಕಂಬಿ ತರಲಿಲ್ಲ. ಆ ಕಾಳನ್ನು ನಾನು ಇವತ್ತಿಗೂ ತಿಂದಿಲ್ಲ," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾತು ಬದಲಿಸುವುದಕ್ಕಾಗಿಯೋ ಏನೋ, "ನಿಮ್ಮ ಊರಿಗೂ ಇಂಥ ಹೆಸರು ಉಂಟೆ?" ಎಂದು ಕೇಳಿದರು.

ನಮಗೆ ಬೆಂದಕಾಳೂರಿನ ಕಥೆ ನೆನಪಾಯಿತು. ಹೊಯ್ಸಳರ ವೀರಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿ, ಹಸಿದು, ಗುಡಿಸಲಿನ ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳನ್ನು ತಿಂದ ಕಥೆ; ಅದರಿಂದ ಬೆಂದಕಾಳೂರು, ಅದೇ ಬೆಂಗಳೂರು. ಕಥೆ ಸೊಗಸಾಗಿದೆ, ಇತಿಹಾಸವಲ್ಲ. ಬಲ್ಲಾಳನು ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲು ಬೆಂಗಳೂರಿನ ಕಾಳಗದಲ್ಲಿ ಮಡಿದವನನ್ನು ಹೆಸರಿಸುತ್ತದೆ. ಎಂದರೆ ಅರಸ ಕಾಳು ತಿನ್ನುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿದ್ದಿತು. ಬೆಂಗಾ ಮರದಿಂದ ಬಂದ ಹೆಸರೆಂಬ ಊಹೆಯೂ ಉಂಟು. ಆದರೂ 2014ರ ನವೆಂಬರ್ 1ರಂದು ಬೆಂಗಳೂರೆಂಬ ಹೆಸರು ಇಂಗ್ಲಿಷಿನಲ್ಲಿಯೂ ಅಧಿಕೃತವಾದಾಗ ಪತ್ರಿಕೆಗಳು ಮೊದಲು ನೆನೆದದ್ದು ವೀರಗಲ್ಲನ್ನಲ್ಲ, ಮುದುಕಿಯ ಕಾಳನ್ನು. ಅದಕ್ಕೂ ಹತ್ತು ವರ್ಷ ಹಿಂದೆ, 2004ರ ಸುಮಾರಿಗೆ, ನಾವಿರುವ ಈ ದೇಶದಲ್ಲಿ ಕೆಲಸ ಕಳೆದುಕೊಂಡವರು 'ಬ್ಯಾಂಗಲೋರ್ಡ್' ಎಂಬ ಕ್ರಿಯಾಪದವನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ತಿರುಗಿದ್ದರು. ಆ ಅಂಗಿ ತೊಟ್ಟ ರೋಗಿಯೊಬ್ಬರ ಎದೆಗೆ ಸ್ಟೆತಾಸ್ಕೋಪ್ ಇಡುವ ಪ್ರಸಂಗ ಓಹಾಯೋದಲ್ಲಿ ನಮಗೂ ಬಂದಿತ್ತು. ಇಬ್ಬರೂ ಆ ಬರಹವನ್ನು ಕಾಣದವರಂತೆ ನಟಿಸಿದೆವು.

1997ರ ಆ ರಾತ್ರಿ ಮುದ್ರಕರು ಬಲ್ಲಾಳನ ಕಥೆಯನ್ನು ಕಣ್ಣುಮುಚ್ಚಿ ಕೇಳಿದರು. ನಿದ್ರೆ ಹೋದರೆಂದುಕೊಂಡು ನಾವು ಎದ್ದೆವು. ಬಾಗಿಲ ಬಳಿ ಹೋದಾಗ ಅವರು ಕೇಳಿದರು: "ಆ ಮುದುಕಿಯ ಹೆಸರೇನು?"

ಅರಸನ ಹೆಸರು ಮಾತ್ರ ಕಥೆಯಲ್ಲಿದೆ ಎಂದೆವು.

"ನಾನು ಆಗಿದ್ದರೆ ತಲೆಬರಹದಲ್ಲಿ ಅವಳ ಹೆಸರಿಗೆ ಜಾಗ ಮಾಡುತ್ತಿದ್ದೆ," ಎಂದರು.

ಕಳೆದ ತಿಂಗಳು ನಮ್ಮ ಮನೆಯವರು ಬಾಸ್ಟನ್ನಿನ ಗಡಿಗೆಯಲ್ಲಿ ಹಂದಿಮಾಂಸದ ಬದಲು ಸಾಸಿವೆ ಒಗ್ಗರಣೆ, ಕಾಕಂಬಿಯ ಬದಲು ಜೋನಿಬೆಲ್ಲ ಹಾಕಿ ಕಾಳು ಬೇಯಿಸಿದ್ದರು. ಆ ಗಡಿಗೆ ಇವತ್ತೂ ನಮ್ಮೊಡನೆ ಬಂದಿದೆ. ಹೊರಗೆ ಬಿಸಿಬೇಳೆ ಭಾತಿನ ಪಕ್ಕದಲ್ಲಿಟ್ಟಿದ್ದಾರೆ, ಆರುವ ಮೊದಲು ರುಚಿ ನೋಡಬೇಕಾಗಿ ವಿನಂತಿ.